ಟೂಲಿ ಸ್ಟ್ರೀಟ್ ಬೆಂಕಿ (1861) ಮತ್ತು ಕಮರ್ಷಿಯಲ್ ಯೂನಿಯನ್ ಅನ್ನೋ ವಿಮಾ ಕಂಪನಿ ಹುಟ್ಟಿದ ಕಥೆ

ಹಳೇ ಪಾಲಿಸಿ:
ಎಲ್ರಿಗೂ ನಮಸ್ಕಾರ. ಜನರಲ್ ಇನ್ಶೂರೆನ್ಸ್ ಆಫೀಸಿನ ಫೈರ್ ಡಿಪಾರ್ಟ್‌ಮೆಂಟಲ್ಲೇ ಸರ್ವೀಸು ಮುಗಿಸಿ ರಿಟೈರ್ ಆದವನು ನಾನು. ಕೆಲಸದಲ್ಲಿದ್ದಾಗ ಟ್ಯಾರಿಫ್ ಪುಸ್ತಕ (ಎಲ್ಲ ಕಂಪನಿಗಳಿಗೂ ಒಂದೇ ಅಂತ ಗೊತ್ತು ಮಾಡಿದ ಪ್ರೀಮಿಯಂ ರೇಟ್ ಪಟ್ಟಿ) ನೋಡಿ ರೇಟ್ ಹಾಕೋದು, ಗೋಡೌನ್ ಇನ್‌ಸ್ಪೆಕ್ಷನ್‌ಗೆ ಓಡೋದು ಇಷ್ಟೇ ಆಗೋಯ್ತು, ಈ ರೂಲುಗಳೆಲ್ಲ ಎಲ್ಲಿಂದ ಬಂದ್ವು ಅಂತ ಯೋಚ್ನೆ ಮಾಡೋಕೆ ಪುರುಸೊತ್ತೇ ಇರ್ಲಿಲ್ಲ. ಈಗ ಬ್ರಿಟನ್ನಿನ ವಿಕ್ಟೋರಿಯಾ ಕಾಲದ ಅಗ್ನಿ ವಿಮೆ ಕಂಪನಿಗಳ ಇತಿಹಾಸ ಓದ್ತಾ ಇದೀನಿ, ಅದ್ರಲ್ಲಿ ಕಮರ್ಷಿಯಲ್ ಯೂನಿಯನ್ ಅನ್ನೋ ಕಂಪನಿ ಹುಟ್ಟಿದ ರೀತಿ ಬಗ್ಗೆ ನಿಮ್ಮೆಲ್ಲರ ಹತ್ರ ಮಾತಾಡ್ಬೇಕು ಅನ್ನಿಸ್ತು.

1861ರ ಜೂನ್ 22, ಶನಿವಾರ ಸಾಯಂಕಾಲ. ಲಂಡನ್ ಬ್ರಿಡ್ಜ್ ಪಕ್ಕ, ಥೇಮ್ಸ್ ನದಿಯ ದಕ್ಷಿಣ ದಂಡೆ, ಟೂಲಿ ಸ್ಟ್ರೀಟು. ಅಲ್ಲಿ ಕಾಟನ್ಸ್ ವಾರ್ಫ್ ಅಂತ ಒಂದು ಸರಕು ದಕ್ಕೆ, ದಕ್ಕೆ ಮೇಲೆ ಐದಾರು ಅಂತಸ್ತಿನ ಗೋದಾಮುಗಳು. ಒಳಗೆ ಸೆಣಬು, ನಾರು, ಹತ್ತಿ, ಸಕ್ಕರೆ, ಅಕ್ಕಿ, ಚಹಾ, ಮಸಾಲೆ, ಪೆಟ್ಲುಪ್ಪು, ಜೊತೆಗೆ ಪೀಪಾಯಿಗಟ್ಟಲೆ ಟ್ಯಾಲೋ, ಅಂದ್ರೆ ಮೇಣದಬತ್ತಿಗೆ ಸೋಪಿಗೆ ಬಳಸೋ ದನ ಕುರಿ ಕೊಬ್ಬು. ಒಂದು ಕಡೆ ಹೊಗೆ ಕಾಣಿಸ್ತು, ನಾರಿನ ಸರಕು ತಾನಾಗೇ ಕಾವೇರಿ ಹೊತ್ತಿಕೊಂಡಿರ್ಬೇಕು ಅಂತ ಆಗಿನವರ ಅಂದಾಜು. ಗೋದಾಮಿಂದ ಗೋದಾಮಿಗೆ ಇದ್ದ ಕಬ್ಬಿಣದ ಬಾಗಿಲುಗಳನ್ನ ಮುಚ್ಚಿರ್ಲಿಲ್ಲ. ಬೆಂಕಿ ಸಾಲು ಸಾಲಾಗಿ ನುಗ್ಗಿಬಿಡ್ತು. ಟ್ಯಾಲೋ ಕರಗಿ ಉರೀತಾ ನದಿ ಮೇಲೇ ಹರಿದು ಹೋಯ್ತು. ಪೂರ್ತಿ ಆರೋಕೆ ಎರಡು ವಾರ ಹಿಡೀತು, 1666ರ ಮಹಾ ಬೆಂಕಿ ಆದ್ಮೇಲೆ ಅಲ್ಲೀವರೆಗೆ ಲಂಡನ್ ಕಂಡ ದೊಡ್ಡ ಬೆಂಕಿ ಇದೇ. ನಷ್ಟ ಸುಮಾರು 20 ಲಕ್ಷ ಪೌಂಡ್, ಅದರಲ್ಲಿ ಬಹುಪಾಲು ವಿಮಾ ಕಂಪನಿಗಳ ತಲೆ ಮೇಲೆ ಬಿತ್ತು.

ಕಂಪನಿಗಳು ಸುಮ್ನಿರ್ತಾವಾ. ಎಲ್ಲ ಒಟ್ಟಿಗೆ ಕೂತು ದಕ್ಕೆ ಗೋದಾಮುಗಳ ಪ್ರೀಮಿಯಂ ದಿಢೀರ್ ಏರಿಸಿದ್ವು. ವ್ಯಾಪಾರಿಗಳು ಸಿಟ್ಟಾಗಿ ಸಭೆ ಸೇರಿದ್ರು, ರೇಟ್ ಇಳಿಸಿ ಅಂತ ಕೇಳಿದ್ರು, ಇವರು ಒಪ್ಪಲಿಲ್ಲ. ಹಂಗಾದ್ರೆ ನಮ್ಮದೇ ಕಂಪನಿ ಮಾಡ್ಕೊತೀವಿ ಅಂತ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಬೆಂಕಿ ಆಗಿ ಮೂರೇ ತಿಂಗಳಿಗೆ, ಹೆಸರಿಗೆ 25 ಲಕ್ಷ ಪೌಂಡ್ ಬಂಡವಾಳ ಅಂತ ಹೇಳ್ಕೊಂಡು ಕಮರ್ಷಿಯಲ್ ಯೂನಿಯನ್ ಶುರು ಮಾಡೇಬಿಟ್ರು. ಆದ್ರೆ ಇಷ್ಟು ಸಿಟ್ಟಲ್ಲಿ ಹುಟ್ಟಿದ ಕಂಪನಿ ಮುಂದೆ ಅದೇ ಹಳೇ ಕಂಪನಿಗಳ ಪಂಕ್ತಿಯಲ್ಲೇ ಕೂತು ಅದೇ ಟ್ಯಾರಿಫ್‌ಗೆ ಸಹಿ ಹಾಕ್ತು. ಇದನ್ನ ಜನ ಮೋಸ ಅಂತಾರೆ, ನನಗೆ ಹಂಗೆ ಅನ್ಸಲ್ಲ. ನಿಮ್ಮ ಅಭಿಪ್ರಾಯ ಏನು?

ಉಣಕಲ್ ಕೆರಿ ದಂಡಿ:
ಸರ ನಮಸ್ಕಾರ್ರೀ. ನಮ್ಮದು ಹತ್ತಿ ವ್ಯಾಪಾರದ ಮನೆತನ, ಹುಬ್ಬಳ್ಳಿ. ನನ್ನ ಕೇಳಿದ್ರ ವ್ಯಾಪಾರಸ್ಥರು ಮಾಡಿದ್ದು ಖರೇನೇ ಐತಿ. ಬೆಂಕಿ ಬಿದ್ದಿದ್ದು ಒಂದು ದಕ್ಕಿಯೊಳಗ, ರೇಟ್ ಏರಿಸಿದ್ದು ಎಲ್ಲಾರ ಮ್ಯಾಲೆ, ಇದ್ಯಾವ ನ್ಯಾಯ್ರೀ? ಗೋದಾಮು ಕಟ್ಟಿದಾವ ಬ್ಯಾರೆ, ಬಾಗಿಲಾ ತೆರದು ಇಟ್ಟಾವ ಬ್ಯಾರೆ, ಒಳಗ ಮಾಲು ಇಟ್ಟಾಂವ ರೊಕ್ಕಾ ಕಟ್ಟಬೇಕು. ನಮ್ಮ ಕಡೆನೂ ಹಂಗ ಐತಿ, ಜಿನ್ನಿಂಗ್ ಫ್ಯಾಕ್ಟರಿಯಾಗ ಒಂದು ಕಡೆ ಬೆಂಕಿ ಬಿದ್ರ ಮುಂದಿನ ವರ್ಷ ಇಡೀ ಮಾರ್ಕೆಟ್‌ನ್ಯಾಗಿನ ಮಂದಿಗೆ ಹೊಡತ. ಹತ್ತಿ ತಾನಾಗೇ ಹೊತ್ತೋದು ಮಾತ್ರ ಸುಳ್ಳಲ್ರೀ, ಎಣ್ಣಿ ಹತ್ತಿದ್ದೋ ಹಸಿ ಇದ್ದಿದ್ದೋ ಅಂಡಿಗಿ ನಟ್ಟನಡುವ ಸೇರಿಬಿಟ್ರ ಒಳಗೊಳಗ ಕಾವು ಏರಿ ಹೊರಗಿಂದ ಏನೂ ಗೊತ್ತಾಗಂಗಿಲ್ಲ, ಬಿಚ್ಚಿದ ಕೂಡ್ಲೇ ಗಾಳಿ ಸಿಕ್ಕು ಭಗ್ ಅಂತೈತಿ. ಕಣ್ಣಾರೆ ನೋಡೀನಿ.

ಸೈರನ್ 101:
ಫೈರ್ ಸರ್ವೀಸಲ್ಲಿದ್ದವನು, ಅದಕ್ಕೇ ಈ ಥ್ರೆಡ್ ನೋಡಿ ಸುಮ್ನೆ ಹೋಗೋಕೆ ಆಗ್ಲಿಲ್ಲ. ಟೂಲಿ ಸ್ಟ್ರೀಟ್ ಅಂದ್ರೆ ನಮ್ಮವರಿಗೆ ಕಂಪನಿ ಹೆಸರಲ್ಲ ನೆನಪಾಗೋದು, ಜೇಮ್ಸ್ ಬ್ರೇಡ್‌ವುಡ್. ಅವತ್ತು ಬೆಂಕಿ ನಂದಿಸ್ತಿದ್ದ ತಂಡದ ಸೂಪರಿಂಟೆಂಡೆಂಟ್ ಅವರು. ಗಂಟೆಗಟ್ಟಲೆ ಬ್ರಾಂಚ್ (ಹೋಸಿನ ತುದಿಯಲ್ಲಿ ನೀರು ಹೊಡೆಯೋ ಕೊಳವೆ) ಹಿಡಿದು ಸುಸ್ತಾದ ಹುಡುಗರಿಗೆ ಒಂದೊಂದು ಗುಟುಕು ಬ್ರಾಂದಿ ಕೊಡ್ತಾ ಓಡಾಡ್ತಿದ್ರಂತೆ, ಅಷ್ಟೊತ್ತಿಗೆ ಗೋದಾಮಿನ ಗೋಡೆ ಹೊರಕ್ಕೆ ವಾಲಿ ಮೈಮೇಲೆ ಬಿತ್ತು. ಅವಶೇಷ ಅಷ್ಟು ಕಾದಿತ್ತು ಅಂದ್ರೆ ದೇಹ ಹೊರತೆಗೆಯೋಕೇ ದಿನಗಳು ಬೇಕಾದ್ವು. ಜೂನ್ 29ಕ್ಕೆ ಅಂತ್ಯಕ್ರಿಯೆ, ಮೆರವಣಿಗೆ ಒಂದೂವರೆ ಮೈಲಿ ಉದ್ದ ಇತ್ತು.

ಆ ಮನುಷ್ಯ ಎಡಿನ್‌ಬರೋದವರು. 1824ರಲ್ಲಿ ಅಲ್ಲಿ ನಗರದ್ದೇ ಆದ ಅಗ್ನಿಶಾಮಕ ದಳ ಮಾಡಿದಾಗ ಇಪ್ಪತ್ತನಾಲ್ಕರ ಹುಡುಗನ ಕೈಗೆ ಅದನ್ನ ಕೊಟ್ರು. ಮೇಸ್ತ್ರಿ, ಬಡಗಿ, ಪ್ಲಂಬರ್, ಛಾವಣಿ ಹಾಕೋರು, ಇಂಥ ಕಟ್ಟಡ ಗೊತ್ತಿರೋರನ್ನೇ ಆರಿಸಿ ಟ್ರೈನಿಂಗ್ ಕೊಟ್ರು. ದೂರ ನಿಂತು ನೀರು ಹೊಡೀಬೇಡಿ, ಒಳಗೆ ಹೋಗಿ, ಬೆಂಕಿ ಬುಡ ಹುಡುಕಿ ಹೊಡೀರಿ ಅನ್ನೋದನ್ನ ಕಲಿಸಿದವರು ಅವರೇ. ಆಮೇಲೆ 1833ರಲ್ಲಿ ಲಂಡನ್‌ಗೆ ಬಂದ್ರು. ಇನ್ನೊಂದು ವಿಷ್ಯ ಹೇಳ್ಲೇಬೇಕು. ಕಬ್ಬಿಣದ ಕಂಬ ತೊಲೆ ಹಾಕಿ ಕಟ್ಟಿದ್ದನ್ನ ಆಗ ಫೈರ್‌ಪ್ರೂಫ್ ಅಂತ ಕರೀತಿದ್ರು, ಬ್ರೇಡ್‌ವುಡ್ 1849ರಲ್ಲೇ ಸಿವಿಲ್ ಇಂಜಿನಿಯರ್‌ಗಳ ಸಂಸ್ಥೆ ಮುಂದೆ ನಿಂತು ಅದು ನಂಬೋ ಹಂಗಿಲ್ಲ ಅಂದಿದ್ರು. ಎರಕದ ಕಬ್ಬಿಣ ಕಾದ ಮೇಲೆ ತಣ್ಣೀರು ಬಿದ್ರೆ ಸೀಳುತ್ತೆ, ತೊಲೆ ಹಿಗ್ಗಿ ಗೋಡೆಯನ್ನ ಹೊರಕ್ಕೆ ತಳ್ಳುತ್ತೆ. ನಾವು ಇವತ್ತಿಗೂ ಹೊಸಬರಿಗೆ ಇದನ್ನೇ ಹೇಳೋದು, ಗೋಡೌನ್ ಬೆಂಕಿಯಲ್ಲಿ ಗೋಡೆ ಎತ್ತರಕ್ಕಿಂತ ದೂರ ನಿಲ್ಲಿ ಅಂತ.

ಥೇಮ್ಸ್ ತಟದ ಕನ್ನಡಿಗ:
ಸೈರನ್ ಸರ್, ಟೂಲಿ ಸ್ಟ್ರೀಟಲ್ಲಿ ಅವರ ನೆನಪಿನ ಕಲ್ಲಿನ ಫಲಕ ಈಗ್ಲೂ ಗೋಡೆ ಮೇಲಿದೆ. ನನ್ನ ಆಫೀಸಿಗೆ ಹೋಗೋ ದಾರಿನೇ ಅದು, ಸುತ್ತ ಹೋಸ್, ಕೊಡಲಿ, ಹೆಲ್ಮೆಟ್ಟು ಕೆತ್ತಿದ್ದಾರೆ, ಸಾವಿರಾರು ಜನ ಲಂಡನ್ ಬ್ರಿಡ್ಜ್ ಸ್ಟೇಷನ್ನಿಂದ ಇಳಿದು ಅದರ ಕೆಳಗೇ ನಡ್ಕೊಂಡು ಹೋಗ್ತಾರೆ, ತಲೆ ಎತ್ತಿ ನೋಡೋರು ಕಮ್ಮಿ. ದಕ್ಕೆಗಳೆಲ್ಲ ಈಗ ಆಫೀಸು ರೆಸ್ಟೋರೆಂಟು. ಪಕ್ಕದ ಹೇಸ್ ವಾರ್ಫ್ ಇದ್ದ ಜಾಗ ಈಗ ಹೇಸ್ ಗ್ಯಾಲರಿಯಾ, ಹಡಗು ಒಳಗೇ ಬರ್ತಿದ್ದ ಕಾಲುವೆ ಮುಚ್ಚಿ ಮೇಲೆ ಗಾಜಿನ ಸೂರು ಹಾಕಿದ್ದಾರೆ. ಎಡಿನ್‌ಬರೋದಲ್ಲೂ 2008ರಲ್ಲಿ ಅವರ ಪ್ರತಿಮೆ ನಿಲ್ಲಿಸಿದ್ದಾರೆ. ಬಂದವರಿಗೆ ನಾನೇ ಕರ್ಕೊಂಡು ಹೋಗಿ ತೋರಿಸ್ತೀನಿ.

ಒಂದು ಪ್ರಶ್ನೆ, ಬ್ರೇಡ್‌ವುಡ್ ಯಾರ ನೌಕರ? ಇಲ್ಲಿ ಎಷ್ಟೋ ಜನ ಲಂಡನ್ ಕಾರ್ಪೊರೇಷನ್ ನೌಕರ ಅಂದ್ಕೊಂಡಿದ್ದಾರೆ.

ಹಳೇ ಪಾಲಿಸಿ:
ಒಳ್ಳೇ ಪ್ರಶ್ನೆ ಕೇಳಿದ್ರಿ. ಅವರು ವಿಮಾ ಕಂಪನಿಗಳ ನೌಕರ! ಮೊದ್ಲು ಒಂದೊಂದು ಕಂಪನಿಗೂ ಒಂದೊಂದು ದಳ ಇತ್ತು, ಬಣ್ಣ ಬಣ್ಣದ ಕೋಟು, ಬೆಳ್ಳಿ ಬಿಲ್ಲೆ, ಸನ್ ಕಂಪನಿಯವರದ್ದು ಬೇರೆ, ರಾಯಲ್ ಎಕ್ಸ್‌ಚೇಂಜ್‌ನವರದ್ದು ಬೇರೆ. ಖರ್ಚು ಜಾಸ್ತಿ ಆಗ್ತಿದೆ ಅಂತ 1833ರಲ್ಲಿ 10 ಕಂಪನಿಗಳು ಸೇರಿ ಒಂದೇ ದಳ ಮಾಡಿದ್ವು, ಲಂಡನ್ ಫೈರ್ ಇಂಜಿನ್ ಎಸ್ಟಾಬ್ಲಿಷ್‌ಮೆಂಟ್ ಅಂತ. ಬರೀ 80 ಚಿಲ್ಲರೆ ಜನ, ಇಡೀ ಲಂಡನ್‌ಗೆ. 1834ರಲ್ಲಿ ಪಾರ್ಲಿಮೆಂಟ್ ಕಟ್ಟಡ ಹೊತ್ತಿ ಉರಿದಾಗ್ಲೂ ಹೋಗಿ ದುಡಿದಿದ್ದು ಇದೇ ದಳ, ವೆಸ್ಟ್‌ಮಿನ್‌ಸ್ಟರ್ ಹಾಲ್ ಉಳಿಸಿದ್ರಲ್ಲಿ ಅವರ ಪಾಲು ದೊಡ್ಡದು. ಸರ್ಕಾರದ ಕಟ್ಟಡಕ್ಕೆ ವಿಮೆ ಇರ್ಲಿಲ್ಲ, ಆದ್ರೂ ಹೋದ್ರು. ಅಂದ್ರೆ 33 ವರ್ಷ ಲಂಡನ್ ಜನ ಖಾಸಗಿ ಕಂಪನಿಗಳ ಖರ್ಚಲ್ಲಿ ಬೆಂಕಿಯಿಂದ ಬಚಾವಾದ್ರು, ವಿಮೆ ಕಟ್ಟಿದವನೂ ಕಟ್ಟದವನೂ. ಇದನ್ನ ಯಾರೂ ಹೇಳಲ್ಲ.

ನಕ್ಷೆ ಹುಡುಗ:
ಸರ್ ಒಂದು ಡೌಟು. ಮನೆ ಗೋಡೆ ಮೇಲೆ ಕಂಪನಿಯ ಲೋಹದ ಬಿಲ್ಲೆ ಇದ್ರೆ ಮಾತ್ರ ಬೆಂಕಿ ನಂದಿಸ್ತಿದ್ರು, ಬೇರೆ ಕಂಪನಿ ಬಿಲ್ಲೆ ಇದ್ರೆ ಕೈಕಟ್ಟಿ ನಿಂತು ನೋಡ್ತಿದ್ರು ಅಂತ ರೀಲ್ಸ್‌ನಲ್ಲೆಲ್ಲ ಬರುತ್ತಲ್ಲ?

ಲೆಕ್ಕದ ಪುಸ್ತಕ:
ಅದು ಎಲ್ಲಾ ಕಡೆ ಓಡಾಡೋ ಕಥೆ, ಆದ್ರೆ ಅದಕ್ಕೆ ಗಟ್ಟಿ ಸಾಕ್ಷಿ ಇತಿಹಾಸಕಾರರಿಗೆ ಸಿಕ್ಕಿಲ್ಲ. ಯೋಚ್ನೆ ಮಾಡಿ ನೋಡಿ, ಒತ್ತೊತ್ತಾಗಿರೋ ಓಣಿಯಲ್ಲಿ ವಿಮೆ ಇಲ್ಲದ ಮನೆ ಉರಿಯೋಕೆ ಬಿಟ್ರೆ ಅರ್ಧ ಗಂಟೇಲಿ ಪಕ್ಕದ ವಿಮೆ ಇರೋ ಮನೆಗೆ ಬರುತ್ತೆ, ಕಂಪನಿಗೇ ನಷ್ಟ. ಬಿಲ್ಲೆಗಳು ಶುರುವಲ್ಲಿ ಸೀಸದ್ದು, ಕೆಳಗೆ ಪಾಲಿಸಿ ನಂಬರ್ ಒತ್ತಿರ್ತಿದ್ರು, ಈ ಮನೆ ನಮ್ಮದು ಅಂತ ಗುರುತಿಗೆ. ವಿಕ್ಟೋರಿಯಾ ಕಾಲಕ್ಕೆ ಬರೋ ಹೊತ್ತಿಗೆ ತಾಮ್ರ, ತಗಡಿನ ಬಿಲ್ಲೆ, ನಂಬರೂ ಇಲ್ಲ, ಹೆಚ್ಚುಕಮ್ಮಿ ಅಡ್ವರ್ಟೈಸ್‌ಮೆಂಟ್ ಅಷ್ಟೇ.

ನಾನು ಕಾಲೇಜಲ್ಲಿ ಕಾಮರ್ಸ್ ಪಾಠ ಮಾಡ್ತೀನಿ, ಹಾಗಾಗಿ ನನಗೆ ಈ ಕಥೆಯಲ್ಲಿ ಹೆಚ್ಚು ಸಿಟ್ಟು ಬರೋದು ಟ್ಯಾಕ್ಸ್ ನೋಡಿ. 1782ರಲ್ಲಿ ಬ್ರಿಟಿಷ್ ಸರ್ಕಾರ ಬೆಂಕಿ ವಿಮೆ ಮೇಲೆ ತೆರಿಗೆ ಹಾಕ್ತು, 100 ಪೌಂಡ್ ವಿಮೆಗೆ ಒಂದೂವರೆ ಶಿಲಿಂಗ್. ಯುದ್ಧದ ಖರ್ಚು ಅಂತ ಏರಿಸ್ತಾ ಏರಿಸ್ತಾ 1815ಕ್ಕೆ 3 ಶಿಲಿಂಗ್ ಮಾಡಿದ್ರು. ಯುದ್ಧ ಮುಗೀತು, ತೆರಿಗೆ ಹಾಗೇ ಉಳೀತು. ಸಾಧಾರಣ ಮನೆಗೆ ಕಂಪನಿ ತಗೊಳ್ತಿದ್ದ ಪ್ರೀಮಿಯಮ್ಮೇ 100 ಪೌಂಡ್‌ಗೆ ಒಂದೂವರೆ ಶಿಲಿಂಗ್ ಆಸುಪಾಸು. ಲೆಕ್ಕ ಹಾಕಿ, ಪ್ರೀಮಿಯಂ ಒಂದೂವರೆ, ತೆರಿಗೆ ಮೂರು! ತನ್ನ ಮನೆ ತಾನು ಕಾಪಾಡ್ಕೊಳ್ಳೋನಿಗೆ ಇನ್ನೂರು ಪರ್ಸೆಂಟ್ ದಂಡ. 1864, 65ರಲ್ಲಿ ಅರ್ಧ ಮಾಡಿ 1869ರಲ್ಲಿ ಪೂರ್ತಿ ತೆಗೆದ್ರು. ವಿಮೆ ಕಂಪನಿಗಳ ಲಾಭ ನೋಡಿ ಬಯ್ಯೋರು ಈ ತೆರಿಗೆ ಕಡೆನೂ ಒಮ್ಮೆ ನೋಡ್ಬೇಕು.

ಉಣಕಲ್ ಕೆರಿ ದಂಡಿ:
ಮೇಡಂ ಅದು ಖರೆ. ಆದ್ರ ಹಳೇ ಪಾಲಿಸಿ ಸರ ಇನ್ನೂ ಉತ್ತರಾ ಕೊಟ್ಟಿಲ್ಲ. ರೇಟ್ ಯಾಕ ಎಲ್ಲಾರ ಮ್ಯಾಲೆ ಏರಿಸಿದ್ರು?

ಹಳೇ ಪಾಲಿಸಿ:
ಹೇಳ್ತೀನಿ ಕೇಳಿ, ಸ್ವಲ್ಪ ಉದ್ದ ಆಗುತ್ತೆ.

ಎಲ್ಲರ ಮೇಲೂ ಒಂದೇ ಸಮ ಏರಿಸಿದ್ರೆ ನಾನೂ ಅನ್ಯಾಯ ಅಂತಿದ್ದೆ. ಆದ್ರೆ ಟ್ಯಾರಿಫ್ ಕೆಲಸ ಮಾಡೋ ರೀತಿ ಬೇರೆ. ಗೋದಾಮು ಯಾವ ಥರದ್ದು, ಮಧ್ಯ ಗೋಡೆ ಇದೆಯಾ, ಬಾಗಿಲು ಕಬ್ಬಿಣದ್ದಾ, ಒಳಗೆ ಏನಿಡ್ತಾರೆ ಇವೆಲ್ಲ ನೋಡಿ ರೇಟ್ ಹೆಚ್ಚು ಕಮ್ಮಿ ಮಾಡೋದು. ಲಂಡನ್‌ಗಿಂತ ಮುಂಚೆ ಲಿವರ್‌ಪೂಲ್‌ನಲ್ಲಿ ಇದು ನಡೆದಿತ್ತು. 1842ರಲ್ಲಿ ಅಲ್ಲಿ ಫಾರ್ಮ್‌ಬಿ ಸ್ಟ್ರೀಟ್ ಕಡೆ ಹತ್ತಿ ಗೋದಾಮುಗಳು ಉರಿದು ಹೋದ್ವು, ಕಂಪನಿಗಳು ರೇಟ್ ಏರಿಸಿದ್ವು, ಊರಿನವರು ಎದ್ದು ಕೂತು ಮರುವರ್ಷವೇ ಗೋದಾಮು ಕಟ್ಟೋಕೆ ಕಾನೂನು ತಂದ್ರು. ಆ ಕಾನೂನಿನ ಪ್ರಕಾರ ಕಟ್ಟಿದವರಿಗೆ, ರಿಪೇರಿ ಮಾಡಿಸಿದವರಿಗೆ ಪ್ರೀಮಿಯಂ ಇಳೀತು. ಮಾಲೀಕರು ಖರ್ಚು ಮಾಡಿ ಗೋಡೆ ಎಬ್ಬಿಸಿದ್ರು ಯಾಕೆ? ಪ್ರೀಮಿಯಂ ಉಳಿಯುತ್ತೆ ಅಂತ!

ಲಂಡನ್‌ನಲ್ಲಿ ಕಾನೂನು ಇರ್ಲಿಲ್ವಾ, ಇತ್ತು. 1855ರ ಬಿಲ್ಡಿಂಗ್ ಆಕ್ಟಲ್ಲಿ ಒಂದು ಗೋದಾಮು ಮಧ್ಯ ಗೋಡೆ ಇಲ್ದೆ 2,16,000 ಘನ ಅಡಿ ಮೀರಬಾರದು ಅಂತ ಬರೆದಿದ್ರು, ಅಂದ್ರೆ ಉದ್ದ ಅಗಲ ಎತ್ತರ 60 60 60 ಅಡಿ. ಅದಕ್ಕಿಂತ ದೊಡ್ಡ ಜಾಗಕ್ಕೆ ಬೆಂಕಿ ಬಿದ್ರೆ ನನ್ನ ಇಂಜಿನ್‌ಗಳಿಂದ ಆಗಲ್ಲ ಅಂತ ಬ್ರೇಡ್‌ವುಡ್ ಮೊದ್ಲಿಂದ್ಲೂ ಬಡ್ಕೊಳ್ತಿದ್ರು. ಆದ್ರೆ ಹಳೇ ಕಟ್ಟಡ ಹಾಗೇ ಉಳಿದ್ವು, ಮಧ್ಯ ಗೋಡೆಯಲ್ಲಿ ಬಾಗಿಲು ಕೊರೆದು ಮುಚ್ಚದೆ ಬಿಟ್ಟವರು ಎಷ್ಟೋ. ಬಾಗಿಲು ತೆರೆದಿದ್ರೆ ಗೋಡೆ ಇದ್ದೂ ಇಲ್ಲದ ಹಾಗೆ.

ನನ್ನ ಸರ್ವೀಸಿಂದ ಒಂದು ಹೇಳ್ಬೇಕು. ನಮ್ಮ ಆಲ್ ಇಂಡಿಯಾ ಫೈರ್ ಟ್ಯಾರಿಫ್‌ನಲ್ಲಿ ಪರ್ಫೆಕ್ಟ್ ಪಾರ್ಟಿ ವಾಲ್ ಅಂತ ಒಂದು ಮಾತು ಬರ್ತಿತ್ತು, ಅಂದ್ರೆ ಬೆಂಕಿ ಆಚೆ ದಾಟದ ಹಾಗೆ ಕಿಂಡಿ ಗ್ಯಾಪು ಇಲ್ದೆ ಎಬ್ಬಿಸಿದ ಮಧ್ಯ ಗೋಡೆ. ಎರಡು ಗೋಡೌನ್ ಮಧ್ಯ ಅಂಥ ಗೋಡೆ ಇದ್ರೆ ಎರಡು ಬೇರೆ ಬೇರೆ ರಿಸ್ಕ್ ಅಂತ ರೇಟ್ ಹಾಕ್ಬೋದಿತ್ತು, ಇಲ್ಲಾಂದ್ರೆ ಅಪಾಯದ ಮಾಲಿನ ರೇಟೇ ಎರಡಕ್ಕೂ. ಒಂದ್ಸಲ ಎಣ್ಣೆ ಮಿಲ್ ಒಂದಕ್ಕೆ ಇನ್‌ಸ್ಪೆಕ್ಷನ್ ಹೋಗಿದ್ದೆ, ಪ್ರಪೋಸಲ್ ಫಾರ್ಮಲ್ಲಿ ಪಾರ್ಟಿ ವಾಲ್ ಇದೆ ಅಂತ ಟಿಕ್ ಹಾಕಿದ್ರು. ಹೋಗಿ ನೋಡಿದ್ರೆ ಗೋಡೆ ಏನೋ ಗಟ್ಟಿ ಇಟ್ಟಿಗೆದೇ, ಆದ್ರೆ ಸೂರಿನ ತಗಡು ಮುಟ್ಟೋ ಮುಂಚೆ ಒಂದು ಮೊಳ ಗ್ಯಾಪು, ಕೆಳಗೆ ಹಿಂಡಿ ಸಾಗಿಸೋ ಬೆಲ್ಟ್ ಹೋಗೋಕೆ ಒಂದು ಕಿಂಡಿ, ಕಿಂಡಿ ಸುತ್ತ ಎಣ್ಣೆ ಜಿಡ್ಡು ಮೆತ್ಕೊಂಡು ಕಪ್ಪಾಗಿತ್ತು, ಬೆರಳಿಟ್ರೆ ಅಂಟೋದು. ಓನರ್ ಹೇಳಿದ್ರು, ಸಾರ್ ಬರೀ ಕಿಂಡಿ ಅಲ್ವಾ ಅಂತ. ಟೂಲಿ ಸ್ಟ್ರೀಟ್ ಓದಿದಾಗ ಆ ಕಿಂಡಿನೇ ಕಣ್ಮುಂದೆ ಬಂತು ನನಗೆ. ನಾನು ಲೋಡಿಂಗ್, ಅಂದ್ರೆ ಹೆಚ್ಚುವರಿ ಪ್ರೀಮಿಯಂ ಹಾಕ್ತೀನಿ ಅಂದ ಮೇಲೇ ಅವರು ಗೋಡೆನ ಸೂರಿನ ಮೇಲಕ್ಕೆ ಏರಿಸಿ ಕಿಂಡಿಗೆ ಸ್ಟೀಲ್ ಶಟರ್ ಹಾಕಿಸಿದ್ದು. ಬುದ್ಧಿವಾದಕ್ಕೆ ಬಗ್ಗದವರು ಪ್ರೀಮಿಯಮ್ಮಿಗೆ ಬಗ್ಗಿದ್ರು.

ಅದಕ್ಕೇ ನಾನು ಅನ್ನೋದು, ವ್ಯಾಪಾರಿಗಳ ಸಿಟ್ಟು ದಕ್ಕೆ ಮಾಲೀಕರ ಕಡೆ ತಿರುಗಬೇಕಿತ್ತು, ಕಂಪನಿಗಳ ಕಡೆ ಅಲ್ಲ. ಕಮರ್ಷಿಯಲ್ ಯೂನಿಯನ್‌ನವರು ತಾವೇ ಕುರ್ಚಿಯಲ್ಲಿ ಕೂತು ಕ್ಲೇಮು ಕೊಡೋಕೆ ಶುರು ಮಾಡಿದ ಮೇಲೆ ಅವರಿಗೂ ಇದೇ ಅರ್ಥ ಆಯ್ತು. 1868ರಲ್ಲಿ ಫೈರ್ ಆಫೀಸಸ್ ಕಮಿಟಿ ಅಂತ ಕಂಪನಿಗಳ ಒಕ್ಕೂಟ ಪಕ್ಕಾ ಆಯ್ತಲ್ಲ, ಅದರಲ್ಲಿ ಇವರೂ ಇದ್ರು.

ಲೆಕ್ಕದ ಪುಸ್ತಕ:
ಸರ್, ಗೋಡೆ ವಿಷ್ಯ ಪೂರ್ತಿ ಒಪ್ತೀನಿ. ಆದ್ರೆ ಟ್ಯಾರಿಫ್ ಒಕ್ಕೂಟ ಅಂದ್ರೆ ಕಾರ್ಟೆಲ್ಲೂ ಹೌದು ಅನ್ನೋದನ್ನ ಮರೀಬಾರದು. ಎಲ್ಲ ಕಂಪನಿ ಸೇರಿ ಒಂದೇ ರೇಟ್ ಅಂದ್ರೆ ಗಿರಾಕಿಗೆ ಹೋಗೋಕೆ ಬೇರೆ ಬಾಗಿಲೇ ಇಲ್ಲ. ಆ ಕಮಿಟಿ ಬ್ರಿಟನ್ನಲ್ಲಿ 1985ರವರೆಗೂ ಬಾಳ್ತು, ನೂರು ವರ್ಷಕ್ಕೂ ಮೇಲೆ! ನಮ್ಮಲ್ಲೂ ಟ್ಯಾರಿಫ್ ಅಡ್ವೈಸರಿ ಕಮಿಟಿ ರೇಟು 2007ರ ಜನವರಿಯಲ್ಲಿ ತೆಗೆದು ಹಾಕೋವರೆಗೂ ಅದೇ ಕಥೆ. ಹೊಸದಾಗಿ ಬಂದವನು ಕಮ್ಮಿ ರೇಟ್ ಕೊಟ್ಟು ಹಳಬರನ್ನ ಅಲುಗಾಡಿಸ್ಬೇಕು, ಕಮರ್ಷಿಯಲ್ ಯೂನಿಯನ್ ಹುಟ್ಟಿದ್ದೇ ಅದಕ್ಕೆ, ಆ ಕೆಲಸ ಅರ್ಧಕ್ಕೇ ಬಿಟ್ರು ಅನ್ನೋ ನೋವು ನನಗಿದೆ.

ಹಳೇ ಪಾಲಿಸಿ:
ಮೇಡಂ, 2007 ಆದ್ಮೇಲೆ ನಮ್ಮಲ್ಲಿ ಏನಾಯ್ತು ನೀವೂ ನೋಡಿದೀರ. ರೇಟ್ ಎಲ್ಲಿಗೆ ಬಿತ್ತು ಅಂದ್ರೆ ಗೋಡೌನ್ ನೋಡೋಕೆ ಆಫೀಸರ್ ಕಳಿಸೋ ಖರ್ಚೂ ಹುಟ್ಟದ ಹಂಗಾಯ್ತು. ಒಳ್ಳೇ ಗೋಡೆ ಕಟ್ಟಿದವನಿಗೂ ಕಟ್ಟದವನಿಗೂ ಒಂದೇ ಡಿಸ್ಕೌಂಟು. ಇದು ಗಿರಾಕಿಗೆ ಉಪಕಾರ ಅಂತ ನನಗನ್ಸಲ್ಲ.

ಲೆಕ್ಕದ ಪುಸ್ತಕ:
ಅದು ನಿಜ ಇರ್ಬೋದು, ಆದ್ರೂ ರೇಟ್ ಯಾಕೆ ಇಷ್ಟು ಅಂತ ಗಿರಾಕಿ ಕೇಳೋ ಹಕ್ಕು ಇರ್ಬೇಕು ಸರ್. ಅದನ್ನ ನಾನು ಬಿಟ್ಕೊಡಲ್ಲ.

ಸೈರನ್ 101:
ದಳದ ಕಥೆ ಅರ್ಧಕ್ಕೆ ನಿಂತಿದೆ, ಮುಗಿಸಿಬಿಡ್ತೀನಿ. ಟೂಲಿ ಸ್ಟ್ರೀಟ್ ಆದ್ಮೇಲೆ 1862ರ ಶುರುವಲ್ಲಿ ಕಂಪನಿಗಳು ಗೃಹ ಮಂತ್ರಿಗೆ ಪತ್ರ ಬರೆದ್ವು, ಇಷ್ಟು ದೊಡ್ಡ ಊರಿನ ಬೆಂಕಿ ಜವಾಬ್ದಾರಿ ನಮ್ಮ ಕೈಲಿ ಆಗಲ್ಲ, ಸರ್ಕಾರ ವಹಿಸ್ಕೊಳ್ಳಲಿ ಅಂತ. ಪಾರ್ಲಿಮೆಂಟಿನ ಸಮಿತಿ ಕೂತು, 1865ರಲ್ಲಿ ಕಾನೂನಾಗಿ, 1866ರ ಜನವರಿ 1ಕ್ಕೆ ಮೆಟ್ರೋಪಾಲಿಟನ್ ಫೈರ್ ಬ್ರಿಗೇಡ್ ಶುರುವಾಯ್ತು. ಬ್ರೇಡ್‌ವುಡ್ ಜಾಗಕ್ಕೆ ಬೆಲ್‌ಫಾಸ್ಟ್‌ನಿಂದ ಬಂದಿದ್ದ ಕ್ಯಾಪ್ಟನ್ ಐರ್ ಮಾಸಿ ಶಾ ಅವರೇ ಅದಕ್ಕೂ ಮುಖ್ಯಸ್ಥ. ದುಡ್ಡು ಮೂರು ಕಡೆಯಿಂದ: ಊರಿನ ಕಂದಾಯದಲ್ಲಿ ಪೌಂಡ್‌ಗೆ ಅರ್ಧ ಪೆನ್ನಿ, ಸರ್ಕಾರದಿಂದ ವರ್ಷಕ್ಕೆ 10,000 ಪೌಂಡ್, ವಿಮಾ ಕಂಪನಿಗಳು ತಾವು ಮಾಡಿದ ಪ್ರತಿ 10 ಲಕ್ಷ ಪೌಂಡ್ ವಿಮೆಗೆ 35 ಪೌಂಡ್. ಅಂದ್ರೆ ಕಂಪನಿಗಳು ಪೂರ್ತಿ ಕೈ ತೊಳ್ಕೊಂಡ್ವು ಅನ್ನೋದೂ ಸರಿಯಲ್ಲ. ಜೊತೆಗೆ ಸಾಲ್ವೇಜ್ ಕೋರ್ ಅಂತ ತಮ್ಮದೇ ದಳ ಇಟ್ಕೊಂಡ್ವು, ಬೆಂಕಿ ಆರಿಸೋದು ಬ್ರಿಗೇಡು, ಮಾಲು ನೀರಲ್ಲಿ ನೆನೆಯದ ಹಾಗೆ ಟಾರ್ಪಾಲು ಹೊದಿಸಿ ಹೊರಗೆ ಸಾಗಿಸೋದು ಸಾಲ್ವೇಜಿನವರು. ಲಂಡನ್‌ನಲ್ಲಿ ಅದು 1980ರ ದಶಕದವರೆಗೂ ಇತ್ತು.

ಆಗಿನ ಪಂಪ್ ಬಗ್ಗೆ ಒಂದು ಮಾತು. ಸ್ಟೀಮ್ ಇಂಜಿನ್ 1829ರಲ್ಲೇ ಲಂಡನ್‌ನಲ್ಲಿ ತಯಾರಾಗಿತ್ತು, ಆದ್ರೆ ಬ್ರೇಡ್‌ವುಡ್ ಬಹಳ ವರ್ಷ ಅದನ್ನ ದೂರ ಇಟ್ರು. ತೂಕ ಜಾಸ್ತಿ, ನೀರಿನ ಪೈಪುಗಳು ಅಷ್ಟು ನೀರು ಕೊಡಲ್ಲ, ಜೊತೆಗೆ ಹುಡುಗರು ಒಳಗೆ ಹೋಗೋದು ಬಿಟ್ಟು ಹೊರಗಿಂದ್ಲೇ ಹೊಡೀತಾರೆ ಅಂತ ಚಿಂತೆ. ಹಾಗಾಗಿ ಕೈ ಪಂಪೇ. ಎರಡೂ ಕಡೆ ಉದ್ದ ಹಿಡಿಕೆ, ಒತ್ತೋಕೆ ರಸ್ತೆ ಮೇಲಿದ್ದ ಜನರನ್ನೇ ಕರೆಯೋದು, ಮೊದಲ ಗಂಟೆಗೆ 1 ಶಿಲಿಂಗ್, ಆಮೇಲೆ ಗಂಟೆಗೆ 6 ಪೆನ್ಸ್, ಜೊತೆಗೆ ಬಿಯರ್. ಹಿಡಿಕೆ ಏರಿಳಿಸೋ ತಾಳಕ್ಕೆ ಬಿಯರ್ ಬಿಯರ್ ಅಂತ ಕೂಗ್ತಿದ್ರಂತೆ. ಟೂಲಿ ಸ್ಟ್ರೀಟಲ್ಲಿ ನದಿ ಇಳಿತ ಬೇರೆ, ನೀರು ದಂಡೆಯಿಂದ ದೂರ ಸರಿದಿತ್ತು, ತೇಲೋ ಇಂಜಿನ್ ಹತ್ರ ಬರೋಕೇ ಆಗ್ಲಿಲ್ಲ. ಅಂಥ ಪರಿಸ್ಥಿತೀಲಿ ಆ ಜನ ಎಷ್ಟು ಹೊತ್ತು ನಿಂತ್ರು ಅಂತ ಯೋಚ್ನೆ ಮಾಡಿದ್ರೆ ಎದೆ ತುಂಬಿ ಬರುತ್ತೆ.

ಕುಮಟಾ ಕಡಲು:
ಹತ್ತಿ ಮಾತು ಬಂತಲ್ಲ, ನಮ್ಮೂರಿನ ಹೆಸರು ಇಲ್ಲಿ ಸೇರಲೇಬೇಕು ಮಾರಾಯ್ರೆ. ಆ ಕಾಲಕ್ಕೆ ಲಿವರ್‌ಪೂಲ್ ಮಾರುಕಟ್ಟೆಯಲ್ಲಿ ಕುಮಟಾ ಅಂತಲೇ ಒಂದು ಹತ್ತಿ ಜಾತಿಯ ಹೆಸರಿತ್ತು. ಬೆಳೀತಿದ್ದದ್ದು ಧಾರವಾಡ ಸೀಮೆಯ ಎರೆಮಣ್ಣಲ್ಲಿ, ಘಟ್ಟ ಇಳಿದು ಎತ್ತಿನ ಗಾಡಿ ಮೇಲೆ ಬಂದು ಹಡಗು ಹತ್ತುತ್ತಿದ್ದದ್ದು ನಮ್ಮ ಕುಮಟಾ ಬಂದರಲ್ಲಿ, ಅಲ್ಲಿಂದ ಬೊಂಬಾಯಿ, ಬೊಂಬಾಯಿಯಿಂದ ಇಂಗ್ಲೆಂಡು. 1861ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿತ್ತು ನೋಡಿ, ಅಲ್ಲಿನ ಹತ್ತಿ ನಿಂತು ಹೋಗಿ ನಮ್ಮ ಹತ್ತಿಗೆ ಬೆಲೆ ಬಂದ ವರ್ಷಗಳು ಅವೇ. ಟೂಲಿ ಸ್ಟ್ರೀಟ್ ಗೋದಾಮಲ್ಲಿ ಬಂಗಾಳದ ಸೆಣಬು ಉರೀತು ಅಂತ ಓದಿದರೆ ದೂರದ ಕಥೆ ಅನ್ನಿಸೋದೇ ಇಲ್ಲ ನನಗೆ.

ಉಣಕಲ್ ಕೆರಿ ದಂಡಿ:
ಕುಮಟಾ ಅಣ್ಣಾರ, ನಮ್ಮ ಮುತ್ಯಾ ಕುಮಟಿ ಹತ್ತಿ ಅಂತಲೇ ಅಂತಿದ್ರು! ಊರಿಗೆ ಹತ್ತಿ ಹೆಸರು ಬಂತೋ ಹತ್ತಿಗೆ ಊರ ಹೆಸರು ಬಂತೋ ಅಂತ ಸಣ್ಣಾವ ಇದ್ದಾಗ ಕೇಳತಿದ್ದೆ.

ನಕ್ಷೆ ಹುಡುಗ:
ನಾನು ಆರ್ಕಿಟೆಕ್ಚರ್ ಓದ್ತಿರೋದು. ಈ ವಿಮಾ ಕಂಪನಿಗಳ ದಯೆಯಿಂದ ನಮಗೆ ಸಿಕ್ಕಿರೋ ಒಂದು ನಿಧಿ ಬಗ್ಗೆ ಹೇಳ್ತೀನಿ, ಗೋಡ್ ನಕ್ಷೆಗಳು. ಚಾರ್ಲ್ಸ್ ಗೋಡ್ ಅನ್ನೋ ಇಂಗ್ಲಿಷ್ ಇಂಜಿನಿಯರ್ ಕೆನಡಾಗೆ ಹೋಗಿ 1875ರಲ್ಲಿ ಅಲ್ಲಿ ಶುರು ಮಾಡಿ, 1880ರ ದಶಕದ ಮಧ್ಯದಲ್ಲಿ ಬ್ರಿಟನ್ನಿಗೆ ವಾಪಸ್ ಬಂದು ಲಂಡನ್, ಲಿವರ್‌ಪೂಲ್, ಮ್ಯಾಂಚೆಸ್ಟರ್ ಥರದ ಊರುಗಳ ವ್ಯಾಪಾರದ ಬೀದಿಗಳನ್ನೆಲ್ಲ ಅಳೆದು ಬರೆದ. ಒಂದು ಇಂಚಿಗೆ 40 ಅಡಿ. ಕೆಂಪು ಬಳಿದಿದ್ರೆ ಇಟ್ಟಿಗೆ ಕಟ್ಟಡ, ಹಳದಿ ಇದ್ರೆ ಮರದ್ದು, ನೀಲಿ ಇದ್ರೆ ಸೂರಿನ ಗಾಜಿನ ಕಿಂಡಿ. ಎಷ್ಟು ಅಂತಸ್ತು, ಗೋಡೆ ದಪ್ಪ, ಮಧ್ಯ ಬಾಗಿಲು ಎಲ್ಲಿದೆ, ನೀರಿನ ಹೈಡ್ರಂಟ್ ಎಲ್ಲಿದೆ, ಒಳಗೆ ಏನು ಕೆಲಸ ನಡೆಯುತ್ತೆ ಎಲ್ಲ ಇರುತ್ತೆ. ಮಾರ್ತಿರ್ಲಿಲ್ಲ, ಕಂಪನಿಗಳಿಗೆ ಬಾಡಿಗೆಗೆ ಕೊಡ್ತಿದ್ರು, ಕಟ್ಟಡ ಬದಲಾದ್ರೆ ಆ ಜಾಗಕ್ಕೆ ಮಾತ್ರ ಹೊಸ ಚೀಟಿ ಬರೆದು ಮೇಲೆ ಅಂಟಿಸೋರು. ಹಾಗಾಗಿ ಕೆಲವು ಹಾಳೆ ಚೀಟಿ ಮೇಲೆ ಚೀಟಿ ಬಿದ್ದು ದಪ್ಪ ಆಗಿಹೋಗಿವೆ. ಬ್ರಿಟಿಷ್ ಲೈಬ್ರರಿಯವರು ಎಷ್ಟೋ ನಕ್ಷೆ ಆನ್‌ಲೈನಲ್ಲಿ ಇಟ್ಟಿದ್ದಾರೆ, ಒಂದು ಹಾಳೆ ತೆರೆದ್ರೆ ರಾತ್ರಿ ಕಳೆದದ್ದೇ ಗೊತ್ತಾಗಲ್ಲ.

ಹಳೇ ಪಾಲಿಸಿ:
ಭೇಷ್! ಆಫೀಸಲ್ಲಿ ಕೂತು ನಕ್ಷೆ ನೋಡಿದ್ರೆ ಸಾಕು, ಒಂದೇ ಬೀದಿಯಲ್ಲಿ ನಮ್ಮ ಪಾಲಿಸಿ ಎಷ್ಟು ಕೂತಿದಾವೆ ಅಂತ ಗುಮಾಸ್ತನಿಗೆ ಗೊತ್ತಾಗೋದು. ಟೂಲಿ ಸ್ಟ್ರೀಟಲ್ಲಿ ಕಂಪನಿಗಳು ಪೆಟ್ಟು ತಿಂದದ್ದೂ ಅದಕ್ಕೇ ಅಲ್ವಾ, ಒಂದೇ ದಕ್ಕೆ ಮೇಲೆ ಎಷ್ಟು ಹೊರೆ ಬಿದ್ದಿದೆ ಅನ್ನೋದು ಬೆಂಕಿ ಬಿದ್ದ ಮೇಲೇ ಕಣ್ಣಿಗೆ ಬಿದ್ದಿದ್ದು. ಅದೇ 1861ರ ಮೇ ತಿಂಗಳಲ್ಲಿ ಸ್ವಿಟ್ಜರ್‌ಲ್ಯಾಂಡಿನ ಗ್ಲಾರುಸ್ ಅನ್ನೋ ಊರೂ ಉರಿದು ಹೋಯ್ತು, ಅದರಿಂದ ಪಾಠ ಕಲಿತು 1863ರಲ್ಲಿ ಸ್ವಿಸ್ ರೀ ಅನ್ನೋ ಮರುವಿಮೆ ಕಂಪನಿ (ವಿಮಾ ಕಂಪನಿಗಳಿಗೇ ವಿಮೆ ಕೊಡೋದು) ಹುಟ್ಟಿತು. ಒಂದೇ ವರ್ಷ ಎರಡು ಬೆಂಕಿ, ಎರಡು ದೊಡ್ಡ ಕಂಪನಿ.

ಹಂಚಿ ಹಾಕಿದ ಹೊರೆಯ ಬೆಲೆ 1871ರ ಶಿಕಾಗೋ ಬೆಂಕಿಯಲ್ಲಿ ಗೊತ್ತಾಯ್ತು. ಅಲ್ಲಿನ ಹತ್ತಾರು ಸಣ್ಣ ಕಂಪನಿ ಕ್ಲೇಮು ಕೊಡೋಕಾಗ್ದೆ ಮುಳುಗಿ ಹೋದ್ವು. ಲಿವರ್‌ಪೂಲ್ ಆಂಡ್ ಲಂಡನ್ ಆಂಡ್ ಗ್ಲೋಬ್ ಕಂಪನಿ 30 ಲಕ್ಷ ಡಾಲರ್‌ಗೂ ಹೆಚ್ಚು ಎಣಿಸಿ ಕೊಟ್ಟು ನಿಂತ್ಕೊಳ್ತು, ಯಾಕಂದ್ರೆ ಅದರ ದುಡ್ಡು ಶಿಕಾಗೋ ಒಂದನ್ನೇ ನಂಬಿರ್ಲಿಲ್ಲ. ಕ್ಲೇಮ್ ಚೆಕ್ ಬರೆದು ಕೈಗೆ ಕೊಡೋ ದಿನಾನೇ ವಿಮಾ ಕಂಪನಿಯ ಮರ್ಯಾದೆ ಗೊತ್ತಾಗೋದು. ಸರ್ವೀಸಲ್ಲಿದ್ದಾಗ ಇದನ್ನೇ ನಂಬ್ಕೊಂಡು ಕೆಲಸ ಮಾಡಿದೀನಿ.

ಥೇಮ್ಸ್ ತಟದ ಕನ್ನಡಿಗ:
ಕಮರ್ಷಿಯಲ್ ಯೂನಿಯನ್ ಆಮೇಲೆ ಏನಾಯ್ತು ಅಂತ ಕೇಳೋರಿಗೆ: 1862ರಲ್ಲಿ ಜೀವ ವಿಮೆ, ಮರುವರ್ಷ ಸಮುದ್ರ ವಿಮೆ ಸೇರಿಸ್ಕೊಂಡು ಬೆಳೀತು. 1905ರಲ್ಲಿ ಹ್ಯಾಂಡ್ ಇನ್ ಹ್ಯಾಂಡ್ ಅನ್ನೋ 1696ರ ಕಂಪನಿಯನ್ನೇ ಕೊಂಡ್ಕೊಳ್ತು. 1998ರಲ್ಲಿ ಜನರಲ್ ಆಕ್ಸಿಡೆಂಟ್ ಜೊತೆ, 2000ದಲ್ಲಿ ನಾರ್ವಿಚ್ ಯೂನಿಯನ್ ಜೊತೆ ಸೇರಿ 2002ರಿಂದ ಅವೀವಾ ಅಂತ ಹೆಸರು. ಅವೀವಾ ತನ್ನ ಹುಟ್ಟು 1696 ಅಂತ ಹೇಳ್ಕೊಳ್ಳೋದು ಆ ಹ್ಯಾಂಡ್ ಇನ್ ಹ್ಯಾಂಡ್ ಲೆಕ್ಕದಲ್ಲಿ.

ಹಳೇ ಪಾಲಿಸಿ:
ನಮ್ಮ ದೇಶದಲ್ಲಿ ವ್ಯವಹಾರ ಮಾಡ್ತಿದ್ದ ವಿದೇಶಿ ಕಂಪನಿಗಳ ಕಥೆ 1973ರ ಜನವರಿ 1ಕ್ಕೆ ಮುಗೀತು. ದೇಶಿ ವಿದೇಶಿ ಸೇರಿ 107 ಕಂಪನಿಗಳನ್ನ ನಾಲ್ಕು ಮಾಡಿದ್ರು, ನ್ಯಾಷನಲ್, ನ್ಯೂ ಇಂಡಿಯಾ, ಓರಿಯೆಂಟಲ್, ಯುನೈಟೆಡ್ ಇಂಡಿಯಾ.

ಉಣಕಲ್ ಕೆರಿ ದಂಡಿ:
ಸರ ಒಂದು ಕೇಳಬೇಕಾಗಿತ್ರೀ, ಇತಿಹಾಸ ಬಿಟ್ಟು. ನಮ್ಮ ಸಂಬಂಧಿಕರದೊಂದು ಗೋಡೌನ್ ಅರ್ಧ ಸುಟ್ಟಿತ್ತು, ಕಂಪನಿಯಾಂವ ಪಾಲಿಸಿ ಪೂರಾ ಇದ್ರೂ ಕ್ಲೇಮು ಅರ್ಧಾನೇ ಕೊಟ್ಟ. ಆವರೇಜ್ ಅಂತ ಏನೋ ಹೇಳಿದ. ಇದೂ ಆಗಿನ ಕಾಲದ್ದೇನ್ರೀ?

ಹಳೇ ಪಾಲಿಸಿ:
ಹೌದು, ಅದೂ ದಕ್ಕೆ ಗೋದಾಮುಗಳ ಕಾಲದಿಂದಲೇ ಬಂದದ್ದು. ವ್ಯಾಪಾರಿಗಳ ಮಾಲು ಇವತ್ತು ಈ ಗೋದಾಮು, ನಾಳೆ ಆ ಗೋದಾಮು. ಅದಕ್ಕೆ ಎಲ್ಲ ಗೋದಾಮಿಗೂ ಸೇರಿ ಒಂದೇ ಫ್ಲೋಟಿಂಗ್ ಪಾಲಿಸಿ ಮಾಡಿಸ್ತಿದ್ರು, ಕೆಲವರು ಎಲ್ಲ ಒಟ್ಟಿಗೆ ಸುಡಲ್ಲ ಅಂತ ಕಮ್ಮಿ ಮೊತ್ತ ಬರೆಸಿ ಪ್ರೀಮಿಯಂ ಉಳಿಸೋರು. ಅದಕ್ಕೆ ತಡೆ ಈ ಆವರೇಜ್ ಷರತ್ತು. ಲೆಕ್ಕ ಹೀಗೆ: ಬೆಂಕಿ ಬಿದ್ದ ದಿನ ಗೋಡೌನಲ್ಲಿದ್ದ ಮಾಲು 10 ಲಕ್ಷದ್ದು, ಪಾಲಿಸಿ 5 ಲಕ್ಷಕ್ಕೆ, ಸುಟ್ಟಿದ್ದು 2 ಲಕ್ಷದ್ದು ಅಂದ್ಕೊಳ್ಳಿ. ಅರ್ಧಕ್ಕೆ ಮಾತ್ರ ವಿಮೆ ಇದ್ದಿದ್ರಿಂದ ಸಿಗೋದು 1 ಲಕ್ಷ. ನಿಮ್ಮವರು ಪಾಲಿಸಿ ಮಾಡಿಸಿದಾಗ ಇದ್ದ ರೇಟಿಗೆ ಬರೆಸಿ ಹತ್ತಿ ರೇಟ್ ಏರಿದ್ಮೇಲೆ ಹೆಚ್ಚಿಸಿರಲ್ಲ ಅನ್ಸುತ್ತೆ.

ಉಣಕಲ್ ಕೆರಿ ದಂಡಿ:
ಅಗದೀ ಹಂಗ ಆಗಿತ್ರೀ. ಸೀಜನ್‌ನ್ಯಾಗ ಮಾಲು ಮೂರು ಪಟ್ಟು ಇರ್ತೈತಿ, ಪಾಲಿಸಿ ಮಾತ್ರ ಹೋದ ವರ್ಷದ್ದ.

ಹಳೇ ಪಾಲಿಸಿ:
ಹಾಗಿದ್ರೆ ಡಿಕ್ಲರೇಷನ್ ಪಾಲಿಸಿ ಕೇಳಿ, ಸೀಜನ್ನಲ್ಲಿ ಅತೀ ಹೆಚ್ಚು ಎಷ್ಟು ಮಾಲು ಇರುತ್ತೋ ಆ ಮೊತ್ತಕ್ಕೆ ಮಾಡಿಸಿ ತಿಂಗಳು ತಿಂಗಳು ಸ್ಟಾಕ್ ಬರೆದು ಕೊಡೋದು, ವರ್ಷದ ಕೊನೇಲಿ ಲೆಕ್ಕ ಹಾಕಿ ಹೆಚ್ಚಾದ ಪ್ರೀಮಿಯಮ್ಮಲ್ಲಿ ಒಂದಷ್ಟು ವಾಪಸ್ ಕೊಡ್ತಾರೆ. ಮತ್ತೆ ನಿಮ್ಮ ಗೋಡೌನ್ ಫೋಟೋ ಹಾಕಿ, ಎರಡು ಅಂಕಣದ ಮಧ್ಯ ಗೋಡೆ ಸೂರಿನ ಮೇಲಕ್ಕೆ ಹೋಗಿದೆಯಾ, ಬಾಗಿಲು ಮರದ್ದಾ ಸ್ಟೀಲಿದ್ದಾ, ರಾತ್ರಿ ಅದನ್ನ ಮುಚ್ಚೋರು ಯಾರು ಅಂತ ಬರೀರಿ. ಸೈರನ್ ಸಾಹೇಬ್ರು, ನಾನು ಇಬ್ರೂ ನೋಡಿ ಹೇಳ್ತೀವಿ.